ಯುಎಸ್‌ಬಿ ಟಿವಿ ಟ್ಯೂನರ್ ತಗೊಳ್ಳೋ ಮುಂಚೆ ಕಲಬುರಗಿ ಕಡೆಯವರು ಇದನ್ನು ಓದಿ

ಕಂಪ್ಯೂಟರ್‌ನಲ್ಲಿ ಲೈವ್ ಟಿವಿ ನೋಡೋಣ ಅಂತ ಯುಎಸ್‌ಬಿ ಟಿವಿ ಟ್ಯೂನರ್ ತರೋ ಯೋಚನೆ ಇದ್ದರೆ ಸ್ವಲ್ಪ ತಡೀರಿ. ಪೆನ್‌ಡ್ರೈವ್‌ನಷ್ಟು ಇರೋ ಸಾಮಾನು ಅದು. ಜೊತೆಗೆ ಬೆರಳುದ್ದದ ಆಂಟೆನಾ, ಪುಟ್ಟ ರಿಮೋಟ್, ಒಂದು ಸಿಡಿ. ನಮ್ಮ ಭಾಗದಲ್ಲಿ ಅದಕ್ಕೆ ಆಂಟೆನಾ ಹಚ್ಚಿ ಎಷ್ಟು ಹೊತ್ತು ಕೂತರೂ ಒಂದು ಚಾನಲ್ ಕೂಡ ಬರಲ್ಲ. ಆದರೂ ಮಾರುತ್ತಿದ್ದಾರೆ.

ನಮ್ಮ ಮನೆಯಲ್ಲಿ ಇರೋದು ಒಂದೇ ಟಿವಿ. ಸಂಜೆ ಆದರೆ ಅದು ಅವ್ವ ಮತ್ತು ಕಾಕಿಯ ಸೀರಿಯಲ್‌ಗೆ ಮೀಸಲು. ಅಪ್ಪನಿಗೆ ನ್ಯೂಸ್ ಬೇಕು. ಒಳಕೋಣೆಯಲ್ಲಿ ಕಂಪ್ಯೂಟರ್ ಸುಮ್ನೆ ಬಿದ್ದಿತ್ತು. ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ಕೇಳಿದಾಗ, 'ಇದು ಹಚ್ರಿ ಸರ, ತಿಂಗಳಾ ರೊಕ್ಕ ಕಟ್ಟೋದು ಬ್ಯಾಡ, ಎಲ್ಲಾ ಚಾನಲ್ ಬರ್ತಾವ' ಅಂದರು. 1,450 ರೂಪಾಯಿ ಕೊಟ್ಟು ತಂದೆ.

ಮನೆಗೆ ಬಂದು ಸ್ಕ್ಯಾನ್‌ಗೆ ಹಚ್ಚಿದರೆ ಹಸಿರು ಪಟ್ಟಿ ನಿಧಾನಕ್ಕೆ ನೂರಕ್ಕೆ ಮುಟ್ಟಿತು. ಕೆಳಗೆ 'ಚಾನಲ್: 0'. ಅಂಗಡಿಗೆ ಫೋನ್ ಮಾಡಿದೆ. ನಿಮ್ಮ ಮನ್ಯಾಗ ಸಿಗ್ನಲ್ ವೀಕ್ ಇರ್ಬೇಕು, ಮಾಳಗಿ ಮ್ಯಾಲ ದೊಡ್ಡ ಆಂಟೆನಾ ಏರಿಸ್ರಿ ಅಂದರು. ಆಂಟೆನಾಗೆ ಮತ್ತೆ ಬೇರೆ ದುಡ್ಡು. ಏಪ್ರಿಲ್ ಬಿಸಿಲಲ್ಲಿ ಕಾದ ಪರಸಿ ಮೇಲೆ ಅಪ್ಪ ಪೈಪ್ ಹಿಡಿದು ತಿರುಗಿಸೋದು, ನಾನು ಕೆಳಗಿನಿಂದ 'ಇಲ್ಲ, ಇಲ್ಲ' ಅಂತ ಕೂಗೋದು. ಓಣಿಯವರಿಗೆಲ್ಲ ಒಳ್ಳೆ ಮನರಂಜನೆ.

ಬರದೆ ಇರೋದಕ್ಕೆ ಕಾರಣ ಸಿಗ್ನಲ್ ವೀಕ್ ಅಂತಲ್ಲ. ಸಿಗ್ನಲ್ಲೇ ಇಲ್ಲ. ಡಬ್ಬಿಯ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ 'ಪಿಎಎಲ್, ಎನ್‌ಟಿಎಸ್‌ಸಿ, ಸೆಕಾಮ್' ಅಂತ ಬರೆದಿತ್ತು. ಹಾಗಂದರೆ ಇದು ಹಳೆಯ ಅನಲಾಗ್ ಪ್ರಸಾರ ಹಿಡಿಯೋ ಯಂತ್ರ. ಆ ಪ್ರಸಾರವನ್ನು ಪ್ರಸಾರ ಭಾರತಿ ದೇಶದ ಬಹುತೇಕ ಕಡೆ ನಿಲ್ಲಿಸಿದೆ. ಕಲಬುರಗಿಯ ಸರದಿ 2021ರ ಅಕ್ಟೋಬರ್‌ನಲ್ಲೇ ಬಂತು. ಆಗ ಇಲ್ಲಿನ ದೂರದರ್ಶನ ಕೇಂದ್ರವೇ ಮುಚ್ಚಿತು ಅಂತ ಸುದ್ದಿ ಹಬ್ಬಿದ್ದು ಕೆಲವರಿಗೆ ನೆನಪಿರಬಹುದು. ಕಾರ್ಯಕ್ರಮ ತಯಾರಿ ಮುಂದುವರಿಯುತ್ತದೆ ಅಂತ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತ್ತು. ಹೋದದ್ದು ಮನೆ ಮೇಲಿನ ಆಂಟೆನಾಗೆ ಸಿಗುತ್ತಿದ್ದ ಪ್ರಸಾರ.

ಬೇಜಾರಾಗೋದು ಎಲ್ಲಿ ಅಂದರೆ, ಟಿವಿ ವಿಷಯದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಮೊದಲು. 1975ರ ಆಗಸ್ಟ್‌ನಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹದಿಂದ ಹಳ್ಳಿಗಳಿಗೆ ನೇರ ಟಿವಿ ಕೊಟ್ಟ 'ಸೈಟ್' ಪ್ರಯೋಗದಲ್ಲಿ ಕರ್ನಾಟಕದಿಂದ ಇದ್ದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ. ತಂತಿ ಜಾಲರಿಯ ದೊಡ್ಡ ಡಿಶ್ ಇಟ್ಟು ಊರವರೆಲ್ಲ ಒಟ್ಟಿಗೆ ಕೂತು ನೋಡುತ್ತಿದ್ದರು. ಬೆಂಗಳೂರಿಗೆ ಆಗಿನ್ನೂ ಟಿವಿ ಬಂದಿರಲಿಲ್ಲ. ಅಂಥ ಊರಿನವರಿಗೆ ಈಗ ಬರದ ಸಿಗ್ನಲ್‌ಗೆ ಟ್ಯೂನರ್ ಮಾರುತ್ತಾರೆ!

ಹಾಗಾದರೆ ಡಿಜಿಟಲ್ ಟ್ಯೂನರ್ ತಂದರೆ ಆಗುತ್ತಲ್ವಾ ಅಂತ ಕೇಳಬಹುದು. ಡಬ್ಬಿ ಮೇಲೆ 'ಡಿವಿಬಿ-ಟಿ2' ಅಂತಿದ್ದರೆ ಅದು ನೆಲದ ಟವರ್‌ನಿಂದ ಬರೋ ಡಿಜಿಟಲ್ ಪ್ರಸಾರಕ್ಕೆ. ದೂರದರ್ಶನ ಅದನ್ನು 2016ರಲ್ಲಿ 16 ನಗರಗಳಲ್ಲಿ ಶುರು ಮಾಡಿದಾಗ ನಮ್ಮ ರಾಜ್ಯದಿಂದ ಇದ್ದದ್ದು ಬೆಂಗಳೂರು ಮಾತ್ರ. 'ಐಎಸ್‌ಡಿಬಿ-ಟಿ' ಅಂತಿದ್ದರೆ ಅದು ಜಪಾನ್, ಬ್ರೆಜಿಲ್ ಕಡೆಯ ಲೆಕ್ಕ. ಡಿಡಿ ಫ್ರೀ ಡಿಶ್ ಬರೋದು ಉಪಗ್ರಹದಿಂದ. ಅದಕ್ಕೆ 'ಡಿವಿಬಿ-ಎಸ್' ಟ್ಯೂನರ್ ಮತ್ತು ಮೇಲೆ ಡಿಶ್ ಎರಡೂ ಬೇಕು. ಕೇಬಲ್ ವೈರ್ ನೇರವಾಗಿ ಸಿಕ್ಕಿಸಿದರೂ ಬರಲ್ಲ, ಈಗ ಸೆಟ್-ಟಾಪ್ ಬಾಕ್ಸ್ ಇಲ್ಲದೆ ಕೇಬಲ್ ಇಲ್ಲ.

ಅಂಗಡಿಯವರ ಎರಡನೇ ಸಲಹೆ ಇನ್ನೂ ಚೆನ್ನಾಗಿತ್ತು. ಸೆಟ್-ಟಾಪ್ ಬಾಕ್ಸ್‌ನಿಂದ ಲ್ಯಾಪ್‌ಟಾಪ್‌ಗೆ ಎಚ್‌ಡಿಎಂಐ ಕೇಬಲ್ ಹಾಕ್ರಿ ಅಂತ. ಕೇಬಲ್ ಕೂಡ ಅವರ ಹತ್ತಿರವೇ ಇತ್ತು ಅನ್ನಿ. ಸಾಮಾನ್ಯ ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಕಿಂಡಿ ಚಿತ್ರವನ್ನು ಹೊರಗೆ ಕಳಿಸುತ್ತದೆ, ಒಳಗೆ ತಗೊಳ್ಳಲ್ಲ. ಚಿತ್ರ ಒಳಗೆ ತಗೊಳ್ಳೋ ಕ್ಯಾಪ್ಚರ್ ಕಾರ್ಡ್ ತಂದು ಹಾಕಿದರೂ ಬಾಕ್ಸ್‌ನಲ್ಲಿ ಎಚ್‌ಡಿಸಿಪಿ ಅನ್ನೋ ನಕಲು ತಡೆ ಇದ್ದರೆ ಕಪ್ಪು ಪರದೆ ಕಾಣುತ್ತದೆ, ಅಷ್ಟೇ.

ಅಸಲಿ ಗಂಡಾಂತರ ಬಂದದ್ದು ಡ್ರೈವರ್, ಅಂದರೆ ಟ್ಯೂನರನ್ನು ಕಂಪ್ಯೂಟರ್‌ಗೆ ಹೊಂದಿಸೋ ಸಾಫ್ಟ್‌ವೇರ್, ಹುಡುಕುವಾಗ. ಜೊತೆಗಿದ್ದ ಸಿಡಿ ವಿಂಡೋಸ್ 7 ಕಾಲದ್ದು. ಹೊಸ ಡ್ರೈವರ್ ಹಾಕಿದರೆ ಬರಬಹುದು ಅಂತ ಅಪ್ಪ ನೆಟ್‌ನಲ್ಲಿ ಹುಡುಕಿದರು. ಎಲ್ಲಿ ನೋಡಿದರೂ 'ಫ್ರೀ ಲೈವ್ ಟಿವಿ ಪ್ಲೇಯರ್' ಅನ್ನೋ ದಪ್ಪ ಹಸಿರು ಬಟನ್. ಒಂದು ಇಳಿಸಿಕೊಂಡರು. ಆಮೇಲೆ ಆ ಸೈಟ್ ನೋಟಿಫಿಕೇಶನ್‌ಗೆ ಒಪ್ಪಿಗೆ ಕೇಳಿತು. ಕೊಟ್ಟ ಮೇಲೆ ಮೂಲೆಯಲ್ಲಿ 'ವೈರಸ್ ಬಂದಿದೆ' ಅಂತ ಚೀಟಿ ಮೇಲೆ ಚೀಟಿ. ಒಂದು ಒತ್ತಿದರೆ ಪರದೆ ತುಂಬ ಕೆಂಪು, ಕಿವಿ ಹರಿಯೋ ಸೈರನ್, ನಡುವೆ ಒಂದು ಫೋನ್ ನಂಬರ್.

ಅಪ್ಪ ಫೋನ್ ಹಚ್ಚಿಯೇಬಿಟ್ಟರು. ಆ ಕಡೆಯವನು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿ, ದೂರದಿಂದ ಕಂಪ್ಯೂಟರ್ ನಡೆಸೋ ಆ್ಯಪ್ ಹಾಕಿಸಿದ. ಆಮೇಲೆ 'ಬ್ಯಾಂಕ್ ಖಾತೆ ತೆಗೆದು ತೋರಿಸಿ, ಅದು ಸುರಕ್ಷಿತವಾಗಿದೆಯಾ ಚೆಕ್ ಮಾಡಬೇಕು' ಅಂದ. ಪುಣ್ಯಕ್ಕೆ ಅಪ್ಪನಿಗೆ ಅನುಮಾನ ಬಂತು. 'ಏ, ಇಂವ ಬ್ಯಾಂಕಿಂದು ಯಾಕ ಕೇಳ್ಲಾಕತ್ತಾನ ನೋಡು' ಅಂತ ಕೂಗಿದರು. ನಾನು ಬಂದು ವೈರ್ ಕಿತ್ತೆ. ದುಡ್ಡು ಹೋಗಲಿಲ್ಲ.

ಇಂಥ ಕೆಂಪು ಪರದೆ ಬಂದರೆ ಗಾಬರಿ ಬೇಡ. ವಿಂಡೋಸ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರೋದೇ ಇಲ್ಲ. ಎಸ್ಕೇಪ್ ಒತ್ತಿ ಹಿಡಿಯಿರಿ, ಬಗ್ಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಆಮೇಲೆ ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಪಟ್ಟಿ ತೆಗೆದು ಆ ಸೈಟ್‌ಗೆ ಕೊಟ್ಟ ಒಪ್ಪಿಗೆ ರದ್ದು ಮಾಡಿ, ಪ್ಲೇಯರ್ ಮತ್ತು ದೂರದಿಂದ ನಡೆಸೋ ಆ್ಯಪ್ ಎರಡನ್ನೂ ಕಿತ್ತು ಹಾಕಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಟ್ಯೂನರ್ ವಾಪಸ್ ಕೊಡಲು ಹೋದರೆ 'ಓಪನ್ ಮಾಡಿದ ಮಾಲು ತಗೊಳ್ಳಂಗಿಲ್ರಿ' ಅಂದರು. ಕೈಯಲ್ಲಿ ಇದ್ದದ್ದು ಬರೀ ಚೀಟಿ. ಪಕ್ಕಾ ಬಿಲ್ ಕೊಡದೆ ಇರೋದು, ಬಿಲ್‌ನಲ್ಲಿ ಅವಧಿ ಬರೆಯದೆ ಇದ್ದಾಗ ದೋಷ ಇರೋ ವಸ್ತುವನ್ನು 30 ದಿನದೊಳಗೂ ವಾಪಸ್ ತಗೊಳ್ಳದೆ ಇರೋದು, ಎರಡನ್ನೂ 2019ರ ಗ್ರಾಹಕರ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. ನಾನು ಹೇಳಿದ್ದೇನೆ, ಉತ್ತರ ಇನ್ನೂ ಬರಬೇಕು.

ಅಪ್ಪ ಈಗ ಚಂದನ ಮತ್ತು ಕನ್ನಡ ನ್ಯೂಸ್ ಚಾನಲ್‌ಗಳನ್ನು ಯೂಟ್ಯೂಬ್‌ನಲ್ಲಿ ಲೈವ್ ನೋಡುತ್ತಾರೆ. ಟ್ಯೂನರೂ ಬೇಡ, ಪ್ಲೇಯರೂ ಬೇಡ. ಪ್ರಸಾರ ಭಾರತಿಯದೇ 'ವೇವ್ಸ್' ಆ್ಯಪ್ ಕೂಡ ಇದೆ, 2024ರ ನವೆಂಬರ್‌ನಲ್ಲಿ ಬಂದದ್ದು. ಕರೆಂಟ್ ಮತ್ತು ನೆಟ್ ಎರಡೂ ಒಟ್ಟಿಗೆ ಇರಬೇಕು, ಅದೊಂದೇ ತಾಪತ್ರಯ.

ಆ ಟ್ಯೂನರ್‌ಗೆ ಹಳದಿ, ಕೆಂಪು, ಬಿಳಿ ವೈರ್ ಸಿಕ್ಕಿಸೋ ಕಿಂಡಿ ಇದೆ, ಅದು ಅಪ್ಪನ ಹಳೆ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ. ಮದುವೆಯ ವಿಸಿಆರ್ ಕ್ಯಾಸೆಟ್ ಕಂಪ್ಯೂಟರ್‌ಗೆ ಇಳಿಸಿಕೊಳ್ಳೋದಿದ್ದರೆ, ವಿಸಿಆರ್ ನಿಮ್ಮ ಹತ್ತಿರ ಇದ್ದರೆ, ಹೇಳಿ. ಅರ್ಧ ರೇಟಿಗೆ ಕೊಡುತ್ತೇನೆ.