ರಿಜೆಕ್ಷನ್ ಪತ್ರ ಬರೆಯದ ಜರ್ನಲ್: ‘ಇಲೈಫ್’ ಪ್ರಕಟಣಾ ಸೇವೆಯ ವಿಮರ್ಶೆ

ಜರ್ನಲ್‌ಗೆ ಕಳುಹಿಸಿದ ಪೇಪರ್ ರಿಜೆಕ್ಟ್ ಆದಾಗ ಸಂಶೋಧಕರನ್ನು ‘ಕೆಲಸ ಸಾಲದು’ ಎಂಬ ತೀರ್ಪಿಗಿಂತ ಹೆಚ್ಚು ಕಾಡುವುದು, ಪ್ರಕಟಣೆಗೆ ಮುನ್ನ ಅದನ್ನು ಪರಿಶೀಲಿಸುವ ಅದೇ ಕ್ಷೇತ್ರದ ತಜ್ಞರು, ಅಂದರೆ ವಿಮರ್ಶಕರು, ತಪ್ಪಾಗಿ ಓದಿಕೊಂಡಿದ್ದರೂ ಅದಕ್ಕೆ ಉತ್ತರ ಹೇಳಲು ಜಾಗವೇ ಇಲ್ಲದಿರುವುದು. ಜೀವವಿಜ್ಞಾನದ ‘ಇಲೈಫ್’ ಪತ್ರಿಕೆ 2023ರ ಜನವರಿಯಲ್ಲಿ ಜಾರಿಗೆ ತಂದ ವ್ಯವಸ್ಥೆಯನ್ನು ಈ ದೃಷ್ಟಿಯಿಂದಲೇ ಅಳೆಯಬೇಕೆಂದು ನನಗನ್ನಿಸುತ್ತದೆ.

ಹೋವರ್ಡ್ ಹ್ಯೂಸ್ ಮೆಡಿಕಲ್ ಇನ್‌ಸ್ಟಿಟ್ಯೂಟ್, ಮ್ಯಾಕ್ಸ್ ಪ್ಲಾಂಕ್ ಸೊಸೈಟಿ ಮತ್ತು ವೆಲ್‌ಕಮ್ ಟ್ರಸ್ಟ್‌ಗಳ ಬೆಂಬಲದಿಂದ 2012ರಲ್ಲಿ ಆರಂಭವಾದ ಈ ಪತ್ರಿಕೆಯಲ್ಲಿ ಈಗ ವಿಮರ್ಶೆಯ ನಂತರ ಸ್ವೀಕಾರವೂ ಇಲ್ಲ, ತಿರಸ್ಕಾರವೂ ಇಲ್ಲ. ವಿಮರ್ಶೆಗೆ ಹೋದ ಪ್ರತಿಯೊಂದು ಪ್ರಬಂಧವೂ ವಿಮರ್ಶಕರ ಟಿಪ್ಪಣಿಗಳೊಡನೆ ಮತ್ತು ಸಂಪಾದಕರ ಸಂಕ್ಷಿಪ್ತ ಮೌಲ್ಯಮಾಪನದೊಡನೆ ಪ್ರಕಟವಾಗುತ್ತದೆ. ಸಂಶೋಧನೆ ಎಷ್ಟು ಮಹತ್ವದ್ದು, ಅದರ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಆ ಮೌಲ್ಯಮಾಪನ ನಿಗದಿತ ಪದಗಳಲ್ಲಿ ಹೇಳುತ್ತದೆ. ಸಾಕ್ಷ್ಯ ‘ಇನ್‌ಕಂಪ್ಲೀಟ್’ (ಅಪೂರ್ಣ) ಎಂಬ ಮಾತು ಲೇಖಕರ ಹೆಸರಿನ ಕೆಳಗೆ ಎಲ್ಲರಿಗೂ ಕಾಣುವಂತೆ ಅಚ್ಚಾಗುವುದು ಸಣ್ಣ ಸಂಕಟವೇನಲ್ಲ. ಆದರೆ ಲೇಖಕರ ಪ್ರತ್ಯುತ್ತರವೂ ಅದರ ಪಕ್ಕದಲ್ಲಿಯೇ ಇರುತ್ತದೆ, ಮತ್ತು ಪ್ರಬಂಧವನ್ನು ತಿದ್ದಬೇಕೇ, ಇದ್ದ ಹಾಗೆಯೇ ಅಂತಿಮವೆಂದು ಘೋಷಿಸಬೇಕೇ ಎಂಬ ನಿರ್ಧಾರ ಲೇಖಕರ ಕೈಯಲ್ಲಿಯೇ ಉಳಿಯುತ್ತದೆ. ‘ಇನ್ನೂ ಎರಡು ಪ್ರಯೋಗ ಮಾಡಿ ತನ್ನಿ’ ಎಂಬ ಬೇಡಿಕೆಗೆ ಒಂದು ವರ್ಷ ತೆತ್ತು ಕೊನೆಗೆ ‘ಇಲ್ಲ’ ಎನಿಸಿಕೊಂಡವರಿಗೆ ಇದರ ಬೆಲೆ ಗೊತ್ತು.

ಹಾಗೆಂದು ನಿರಾಸೆ ಇಲ್ಲಿ ಮಾಯವಾಗಿಲ್ಲ; ಅದು ಸಂಪಾದಕರ ಮೇಜಿಗೆ ಸ್ಥಳಾಂತರಗೊಂಡಿದೆ. ಬರುವ ಪ್ರಬಂಧಗಳಲ್ಲಿ ಬಹುಪಾಲು ವಿಮರ್ಶೆಗೇ ಹೋಗದೆ ಹಿಂದಿರುಗುತ್ತವೆ, ಮತ್ತು ಆ ಹಂತದಲ್ಲಿ ಲೇಖಕರಿಗೆ ಕಲಿಯುವಂಥದ್ದೇನೂ ಹೆಚ್ಚು ಸಿಗುವುದಿಲ್ಲ. (ಇದು ಹಳೆಯ ಕಥೆಯೇ: ಜೀವಕೋಶಗಳು ಆಹಾರದಿಂದ ಶಕ್ತಿ ಪಡೆಯುವ ‘ಸಿಟ್ರಿಕ್ ಆಮ್ಲ ಚಕ್ರ’ದ ಬಗ್ಗೆ ಜೀವರಸಾಯನ ವಿಜ್ಞಾನಿ ಹ್ಯಾನ್ಸ್ ಕ್ರೆಬ್ಸ್ ಬರೆದದ್ದನ್ನು 1937ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆ ಹಿಂದಿರುಗಿಸಿದ್ದು, ಏಳೆಂಟು ವಾರಗಳಿಗೆ ಸಾಲುವಷ್ಟು ಪತ್ರರೂಪದ ಬರಹಗಳು ಆಗಲೇ ಕೈಯಲ್ಲಿವೆ ಎಂಬ ಕಾರಣಕ್ಕೆ. ವಿಜ್ಞಾನದ ಬಗ್ಗೆ ಅದರಲ್ಲಿ ತೀರ್ಪೇ ಇರಲಿಲ್ಲ.) ವ್ಯವಸ್ಥೆಯ ದೊಡ್ಡ ಕೊರತೆಯನ್ನು ನಾನು ಇಲ್ಲಿಯೇ ಕಾಣುತ್ತೇನೆ.

ಈ ವ್ಯವಸ್ಥೆಯ ಆರಂಭದಲ್ಲಿ 2,000 ಡಾಲರ್ ಎಂದು ನಿಗದಿಯಾದ, ಲೇಖಕರ ಕಡೆಯಿಂದ ಕಟ್ಟಬೇಕಾದ ಶುಲ್ಕ ನಮ್ಮ ವಿಶ್ವವಿದ್ಯಾಲಯಗಳ ಮಟ್ಟಿಗೆ ಭಾರವೇ. ಕಟ್ಟಲಾಗದವರು ವಿನಾಯಿತಿ ಕೋರಬಹುದು. ಅದಕ್ಕಿಂತ ತೊಡಕಿನ ಸಂಗತಿಯೆಂದರೆ, ಪ್ರಕಟಣೆಯನ್ನು ವಿಮರ್ಶಕರ ಒಪ್ಪಿಗೆಯಿಂದ ಬೇರ್ಪಡಿಸಿದ್ದನ್ನು ಒಪ್ಪದ, ಸಂಶೋಧನಾ ಪತ್ರಿಕೆಗಳ ಸೂಚಿ ನಿರ್ವಹಿಸುವ ಕ್ಲಾರಿವೇಟ್ ಸಂಸ್ಥೆಯು 2024ರಲ್ಲಿ ಕೈಗೊಂಡ ನಿರ್ಧಾರದಿಂದಾಗಿ ಪತ್ರಿಕೆ ತನ್ನ ಇಂಪ್ಯಾಕ್ಟ್ ಫ್ಯಾಕ್ಟರ್ (ಪತ್ರಿಕೆಯ ಪ್ರಬಂಧಗಳನ್ನು ಇತರರು ಸರಾಸರಿ ಎಷ್ಟು ಬಾರಿ ಉಲ್ಲೇಖಿಸುತ್ತಾರೆ ಎಂಬ ಅಂಕಿ) ಕಳೆದುಕೊಂಡಿತು. ಬಡ್ತಿಯ ಅರ್ಜಿಯಲ್ಲಿ ಆ ಅಂಕಿಗೊಂದು ಕಲಂ ಇರುವ ಕಡೆ ಕೆಲಸ ಮಾಡುವ ಸಹಾಯಕ ಪ್ರಾಧ್ಯಾಪಕರಿಗೆ ಇದನ್ನು ಸದ್ಯಕ್ಕೆ ಶಿಫಾರಸು ಮಾಡಲಾರೆ. ಹುದ್ದೆ ಭದ್ರವಾಗಿರುವ ಹಿರಿಯರು ಮಾತ್ರ ತಮ್ಮ ವಿದ್ಯಾರ್ಥಿಗಳ ಮೊದಲ ಪ್ರಬಂಧವನ್ನು, ಅವರ ಒಪ್ಪಿಗೆ ಪಡೆದು, ಇಲ್ಲಿಗೆ ಕಳುಹಿಸಿ ನೋಡಬಹುದು.