ಮಕ್ಕಳ ಪುಸ್ತಕ ಪ್ರಶಸ್ತಿಗಳು: ಕಾಸರಗೋಡಿನ ಕನ್ನಡ ಶಾಲೆಯ ಕಪಾಟಿಗೆ ಎಷ್ಟು ಉಪಕಾರ?

ಜೂನ್ 19 ಕೇರಳದ ಶಾಲೆಗಳಲ್ಲಿ ವಾಚನಾ ದಿನ. ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನ ಅದು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಲೈಬ್ರರಿ ಕಪಾಟಿನ ಧೂಳು ಕೊಡವುವುದೂ ಹೊಸ ಪುಸ್ತಕಕ್ಕೆಂದು ಪಿ.ಟಿ.ಎ.ಯಲ್ಲಿ (ಹೆತ್ತವರ-ಶಿಕ್ಷಕರ ಸಂಘ) ಹಣದ ಮಾತು ಎತ್ತುವುದೂ ಹೆಚ್ಚಾಗಿ ಈ ಹೊತ್ತಿಗೇ. ಹಣ ಹೇಗೋ ಹೊಂದುತ್ತದೆ. ಯಾವ ಪುಸ್ತಕ ತರಿಸುವುದು ಎಂಬಲ್ಲಿ ಎಲ್ಲರೂ ನಿಲ್ಲುತ್ತಾರೆ. ಕೊನೆಗೆ "ಪ್ರಶಸ್ತಿ ಬಂದದ್ದನ್ನೇ ತರಿಸಿ" ಎಂದು ತೀರ್ಮಾನವಾಗುತ್ತದೆ.

ಪ್ರಶಸ್ತಿ ಪಟ್ಟಿಯನ್ನು ಪುಸ್ತಕ ಆರಿಸಿಕೊಡುವ ಒಂದು ಸೇವೆ ಎಂದುಕೊಂಡರೆ, ನಮ್ಮ ಗಡಿಜಿಲ್ಲೆಗೆ ಅದು ಎಷ್ಟು ಕೆಲಸಕ್ಕೆ ಬರುತ್ತದೆ? ಯು.ಪಿ. (5ರಿಂದ 7ನೇ ಕ್ಲಾಸು) ಮತ್ತು ಹೈಸ್ಕೂಲಿಗೆ ಚೆನ್ನಾಗಿಯೇ ಬರುತ್ತದೆ. ಎಲ್.ಪಿ. (1ರಿಂದ 4ನೇ ಕ್ಲಾಸು) ಮಕ್ಕಳಿಗೆ ಬಹಳ ಕಡಿಮೆ. ಪ್ಲಸ್ ಟು (11, 12ನೇ ಕ್ಲಾಸು) ಮಕ್ಕಳಿಗಂತೂ ಪಟ್ಟಿ ನಂಬಿ ಕೂತರೆ ಕೈಗೆ ಸಿಗುವುದು ಬೇರೆಯೇ ಏನೋ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ಬೆನ್ನುಪುಟದಲ್ಲಿ "ಅಕಾಡೆಮಿ ಪ್ರಶಸ್ತಿ" ಎಂದಷ್ಟೇ ಇದ್ದರೆ ಯಾವ ಅಕಾಡೆಮಿ ಎಂದು ಕೇಳಿ. 1954ರಲ್ಲಿ ಶುರುವಾದ ದಿಲ್ಲಿಯ ಕೇಂದ್ರ ಸಾಹಿತ್ಯ ಅಕಾಡೆಮಿ ಒಂದು, ಬೆಂಗಳೂರಿನ ಕರ್ನಾಟಕ ಸಾಹಿತ್ಯ ಅಕಾಡೆಮಿ ಇನ್ನೊಂದು, ತ್ರಿಶೂರಿನ ಕೇರಳ ಸಾಹಿತ್ಯ ಅಕಾಡೆಮಿ ಮತ್ತೊಂದು. ಕಾಸರಗೋಡಿನವರಿಗೆ ಮೂರೂ ಎದುರಾಗುತ್ತವೆ. ತಿರುವನಂತಪುರದಲ್ಲಿ ಕೇರಳ ರಾಜ್ಯ ಬಾಲಸಾಹಿತ್ಯ ಇನ್‌ಸ್ಟಿಟ್ಯೂಟ್ ಬೇರೆ ಇದೆ, ಅದರ ಪುರಸ್ಕಾರಗಳು ಮಲಯಾಳದ ಪುಸ್ತಕಗಳಿಗೆ. ನಮ್ಮ ಮಕ್ಕಳು ಕೇರಳದ ಪಠ್ಯಕ್ರಮದಲ್ಲಿ ಓದುತ್ತಾರೆ, ಅವರ ಓದಿನ ಪುಸ್ತಕ ಮಾತ್ರ ಗಡಿಯಾಚೆಯಿಂದ ಬರಬೇಕು. ಹಾಗಾಗಿ ತಿರುವನಂತಪುರದ ಪಟ್ಟಿ ಕನ್ನಡದ ಕಪಾಟಿಗೆ ನೆರವಾಗದು. ಎರಡೂ ಭಾಷೆ ಸಲೀಸಾಗಿ ಓದುವ ಮಕ್ಕಳಿಗೆ ಮಲಯಾಳದ ಒಂದೆರಡು ಪುಸ್ತಕ ತರಿಸಲು ಮಾತ್ರ ಅದು ಒಳ್ಳೆಯ ದಾರಿ.

ಇವುಗಳಲ್ಲಿ ನಮಗೆ ಹೆಚ್ಚು ಒದಗುವುದು ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ. 2010ರಲ್ಲಿ ಆರಂಭ, 24 ಭಾಷೆಗಳಿಗೆ, ₹50,000 ಮತ್ತು ತಾಮ್ರಫಲಕ. ಕನ್ನಡದ ಮೊದಲ ಪುರಸ್ಕಾರ ಸಿಕ್ಕಿದ್ದು ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೆ. ನೆರೆಯ ಪುತ್ತೂರಿನ ಲೇಖಕರು. ಹೈಸ್ಕೂಲಿನ ಕಪಾಟಿನಲ್ಲಿ ಅದು ಇಲ್ಲದಿದ್ದರೆ ಮೊದಲು ಅದನ್ನೇ ತರಿಸಬಹುದು.

ಆಮೇಲಿನ ಹಲವು ವರ್ಷಗಳ ಪಟ್ಟಿ ಹಿಡಿದು ಅಂಗಡಿಗೆ ಹೋದರೆ ಬರಿಗೈಯಲ್ಲಿ ವಾಪಸಾಗಬೇಕಾದೀತು. 2013ರಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ, 2017ರಲ್ಲಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ, ಹೀಗೆ ಹಿರಿಯರಿಗೆ 'ಸಮಗ್ರ ಕೊಡುಗೆ'ಗೆಂದು ಪುರಸ್ಕಾರ ಸಂದಿದೆ. ಗೌರವ ಸಲ್ಲಬೇಕಾದವರಿಗೇ ಸಂದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಪಾಟು ತುಂಬಿಸುವವರಿಗೆ ಅಲ್ಲಿ ಪುಸ್ತಕದ ಹೆಸರಿಲ್ಲ. ಇಂಥ ವರ್ಷಗಳ ಮಟ್ಟಿಗೆ ಲೇಖಕರ ಹೆಸರು ಗುರುತಿಟ್ಟುಕೊಂಡು, ಅವರ ಮಕ್ಕಳ ಪುಸ್ತಕಗಳಲ್ಲಿ ಯಾವುದು ಈಗ ಅಚ್ಚಿನಲ್ಲಿದೆ ಎಂದು ಅಂಗಡಿಯವರನ್ನೇ ಕೇಳಬೇಕು. ಮಕ್ಕಳ ಪದ್ಯಗಳ ಸಂಕಲನ ಸಿಕ್ಕಿದರೆ ಬಿಡಬೇಡಿ. ಎಲ್.ಪಿ. ತರಗತಿಗೆ ಪ್ರಶಸ್ತಿ ಪಟ್ಟಿಯಿಂದ ಏನಾದರೂ ದಕ್ಕುವುದಿದ್ದರೆ ಅದು ಈ ಹಿರಿಯರ ಪದ್ಯಗಳೇ.

ಬಿಡಿ ಕೃತಿಗಳ ಸಾಲು ಗಟ್ಟಿಯಾಗುವುದು 2019ರಿಂದ. ಆ ವರ್ಷ ಚಂದ್ರಕಾಂತ ಕರದಳ್ಳಿ ಅವರ 'ಕಾಡು ಕನಸಿನ ಬೀದಿಗೆ', 2020ರಲ್ಲಿ ಎಚ್.ಎಸ್. ಬ್ಯಾಕೋಡ ಅವರ 'ನಾನೂ ಅಂಬೇಡ್ಕರ್', 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್', 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆ ಅವರ 'ಛೂಮಂತ್ರಯ್ಯನ ಕಥೆಗಳು', 2025ರಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳ್ ಅವರ 'ನೋಟ್‌ಬುಕ್'. ಈ ಏಳು ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಯು.ಪಿ., ಹೈಸ್ಕೂಲಿನ ಅರ್ಧ ಕೆಲಸ ಮುಗಿಯಿತು.

ಕಾಸರಗೋಡಿನ ಮಗುವಿನ ಕಣ್ಣಿನಿಂದ ನೋಡಿದರೆ ಈ ಏಳೂ ಒಂದೇ ಸಮನಲ್ಲ. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳ ಮನೆಮಾತು ತುಳು ಇರಬಹುದು, ಹವ್ಯಕ ಕನ್ನಡ ಇರಬಹುದು, ಮರಾಠಿ, ಕೊಂಕಣಿ, ಮಲಯಾಳ, ಬ್ಯಾರಿಯೂ ಇರಬಹುದು. ಪಠ್ಯದ ಕನ್ನಡ ಅವರಿಗೆ ಗೊತ್ತು, ಬಯಲುಸೀಮೆಯ ಆಡುಮಾತು ಕಿವಿಗೆ ಹೊಸತು. ಬಡಗಣ ಜಿಲ್ಲೆಗಳ ಮಾತಿನ ಧಾಟಿಯಲ್ಲಿ ಸಂಭಾಷಣೆ ಬಂದಾಗ ಐದನೇ ಕ್ಲಾಸಿನ ಮಗು ಎರಡನೇ ಪುಟದಲ್ಲೇ ಪುಸ್ತಕ ಮಡಚಿಡುವುದುಂಟು. ಅದು ಪುಸ್ತಕದ ದೋಷವಲ್ಲ, ಮಗುವಿನದೂ ಅಲ್ಲ. ಮೊದಲ ಅಧ್ಯಾಯವನ್ನು ಟೀಚರ್ ಗಟ್ಟಿಯಾಗಿ ಓದಿ ಹೇಳಿದರೆ ಧಾಟಿ ಕಿವಿಗೆ ಹಿಡಿಯುತ್ತದೆ, ಉಳಿದದ್ದನ್ನು ಮಗು ತಾನೇ ಓದಿಕೊಳ್ಳುತ್ತದೆ. ಆದರೆ ಉತ್ತರ ಕನ್ನಡದ ಸಿದ್ದಾಪುರದ ಬೀಗಾರರ, ಕುಂದಾಪುರ ಸೀಮೆಯ ಹಾಲಾಡಿಯವರ ಪುಸ್ತಕಕ್ಕೆ ಇಷ್ಟು ತಯಾರಿ ಬೇಡ. ತೋಟದಲ್ಲಿ ಬಾವಲಿ ಚೀಪಿ ಬೀಳಿಸಿದ ಅಡಿಕೆ ಹೆಕ್ಕಿ ಗೊತ್ತಿರುವ ಮಗುವಿಗೆ 'ಬಾವಲಿ' ಏನೆಂದು ಹೇಳಿಕೊಡಬೇಕಾಗಿಲ್ಲ. ದಾಸವಾಳಕ್ಕೆ ಬಂದು ಹೋಗುವ ಸೂರಕ್ಕಿಯೂ ಅಂಗಳದ ಹಕ್ಕಿಯೇ. ಹೊಸದಾಗಿ ಕಪಾಟು ಕಟ್ಟುವವರು ಈ ಎರಡರಿಂದ ತೊಡಗಿದರೆ ಪುಸ್ತಕ ಕೈಯಿಂದ ಕೈಗೆ ಬೇಗ ಹೋಗುತ್ತದೆ.

ಇನ್ನು, ಪುರಸ್ಕಾರಕ್ಕೆ ಆ ವರ್ಷದ ಪುಸ್ತಕವನ್ನು ಪರಿಗಣಿಸುವುದಿಲ್ಲ. 2023ರ ಪುರಸ್ಕಾರಕ್ಕೆ ಲೆಕ್ಕಕ್ಕೆ ಬಂದದ್ದು 2017ರಿಂದ 2021ರ ನಡುವೆ ಮೊದಲ ಸಲ ಅಚ್ಚಾದವು. ಸಣ್ಣ ಪ್ರಕಾಶಕರು ಒಮ್ಮೆಗೆ 500 ಅಥವಾ 1,000 ಪ್ರತಿ ಹಾಕಿಸುತ್ತಾರೆ. ಸುದ್ದಿ ಬರುವ ಹೊತ್ತಿಗೆ ಅದು ಖಾಲಿಯಾಗಿರಬಹುದು, ಮರುಮುದ್ರಣಕ್ಕೆ ತಿಂಗಳುಗಳು ಹಿಡಿಯುತ್ತವೆ. ಹಾಗಾಗಿ ಹಿಂದಿನ ವರ್ಷದ ಪುಸ್ತಕವನ್ನು ಈ ವರ್ಷ ಕೇಳುವುದೇ ಜಾಣತನ. ಅಕಾಡೆಮಿಗೆ ಕಾಗದ ಬರೆದು ಪುಸ್ತಕ ಕಳಿಸಿ ಎನ್ನುವವರೂ ಇದ್ದಾರೆ. ಅಕಾಡೆಮಿ ಪುರಸ್ಕಾರ ಕೊಡುತ್ತದೆ, ಪುಸ್ತಕ ಪ್ರಕಾಶಕರದು. ಪ್ರಕಾಶಕರ ಹೆಸರು ಗೊತ್ತು ಮಾಡಿಕೊಂಡು ಅವರಿಗೆ ನೇರ ಬರೆಯಿರಿ, ಇಲ್ಲವೇ ಮಂಗಳೂರಿನ ಕನ್ನಡ ಪುಸ್ತಕದಂಗಡಿಯಲ್ಲಿ ಹೆಸರು ಕೊಟ್ಟು ತರಿಸಿಕೊಳ್ಳಿ.

ಮೋಸವಲ್ಲದಿದ್ದರೂ ದಾರಿ ತಪ್ಪಿಸುವ ಎರಡು ಮಾತು ಮುಖಪುಟದ ಸ್ಟಿಕರಿನಲ್ಲಿ ಇರುತ್ತವೆ. "ಪ್ರಶಸ್ತಿ ಪುರಸ್ಕೃತ ಲೇಖಕರ ಕೃತಿ" ಎಂದರೆ ಪ್ರಶಸ್ತಿ ಲೇಖಕರ ಬೇರೆ ಯಾವುದೋ ಪುಸ್ತಕಕ್ಕೆ ಬಂದಿರುತ್ತದೆ, ಅದು ದೊಡ್ಡವರ ಕಾದಂಬರಿಯೂ ಆಗಿರಬಹುದು. ಎರಡನೆಯ ಗೊಂದಲ ಭಾಷೆಯ ವಿಷಯದ್ದು. ಸುಧಾ ಮೂರ್ತಿ ಅವರಿಗೆ 2023ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು ಇಂಗ್ಲಿಷ್ ವಿಭಾಗದಲ್ಲಿ. ಅವರು ಕನ್ನಡದವರಾದ್ದರಿಂದ ಕನ್ನಡದ ಪಟ್ಟಿಯಲ್ಲಿ ಹುಡುಕಿ ಸಿಗದೆ ಗೊಂದಲವಾಗುತ್ತದೆ. ಇಂಗ್ಲಿಷ್ ಪುಸ್ತಕದ ಕನ್ನಡ ಅನುವಾದ ಕೊಂಡರೆ ತಪ್ಪೇನಿಲ್ಲ, ರಿಜಿಸ್ಟರಿನಲ್ಲಿ ಅನುವಾದ ಎಂದೇ ಬರೆದಿಡಿ.

ಹದಿಹರೆಯದವರ ವಿಷಯದಲ್ಲಿ ಆಗುವ ತಪ್ಪು ಇದಕ್ಕಿಂತ ದುಬಾರಿ. ಅಕಾಡೆಮಿಯದೇ 'ಯುವ ಪುರಸ್ಕಾರ' ಎಂಬುದೊಂದಿದೆ, 2011ರಿಂದ. ಹೆಸರು ನೋಡಿ ಪ್ಲಸ್ ಟು ಮಕ್ಕಳಿಗೆ ಸರಿಹೋಗುತ್ತದೆ ಎಂದು ತರಿಸುತ್ತಾರೆ. ಅದು ಎಳೆಯ ಓದುಗರಿಗೆ ಬರೆದ ಪುಸ್ತಕಕ್ಕಲ್ಲ, 35 ವರ್ಷದೊಳಗಿನ ಬರಹಗಾರರಿಗೆ. ಕನ್ನಡದಲ್ಲಿ 2024ರಲ್ಲಿ ಅದು ಶ್ರುತಿ ಬಿ.ಆರ್. ಅವರ 'ಜೀರೋ ಬ್ಯಾಲೆನ್ಸ್' ಕವನ ಸಂಕಲನಕ್ಕೆ, 2025ರಲ್ಲಿ ದಿಲೀಪ್ ಕುಮಾರ್ ಆರ್. ಅವರ 'ಪಚ್ಚೆಯ ಜಗುಲಿ' ಎಂಬ ವಿಮರ್ಶಾ ಕೃತಿಗೆ ಸಿಕ್ಕಿತು. ಕನ್ನಡ ಟೀಚರ ಮೇಜಿಗೆ ಇವು ಇರಲಿ, ಹದಿನಾರರ ಹುಡುಗನ ಕೈಗೆ ಇವನ್ನೇ ಮೊದಲ ಓದಾಗಿ ಕೊಡುವುದು ಸರಿಯಲ್ಲ. ಅಮೆರಿಕದಲ್ಲಿ ಹದಿಹರೆಯದವರ ಪುಸ್ತಕಕ್ಕೆಂದೇ 2000ದಿಂದ ಪ್ರಿಂಟ್ಜ್ ಪ್ರಶಸ್ತಿ ಇದೆ, ಹನ್ನೆರಡರಿಂದ ಹದಿನೆಂಟರ ವಯಸ್ಸಿಗೆ. ಕೇಂದ್ರ ಅಕಾಡೆಮಿಯಲ್ಲಿ ಹಾಗೆ ಬೇರೆಯೇ ವಿಭಾಗವಿಲ್ಲ. ಆ ವಯಸ್ಸಿನವರಿಗೆ ಪುಸ್ತಕ ಆರಿಸುವಾಗ ಪ್ರಶಸ್ತಿಯ ಆಸರೆ ಬಿಟ್ಟು, ಓದಿ ನೋಡಿಯೇ ಆರಿಸಬೇಕು.

ಹೊರದೇಶದ ದೊಡ್ಡ ಹೆಸರುಗಳು ಬೇಗ ಹೇಳಿ ಮುಗಿಯುತ್ತವೆ. 1922ರಿಂದ ಇರುವ ನ್ಯೂಬೆರಿ ಪದಕ ಅಮೆರಿಕದ ಪ್ರಜೆಗಳಾದ ಅಥವಾ ಅಲ್ಲಿ ನೆಲೆಸಿದ ಲೇಖಕರಿಗೆ ಮಾತ್ರ. ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ 1956ರಿಂದ, ಎರಡು ವರ್ಷಕ್ಕೊಮ್ಮೆ, ಜೀವಮಾನದ ಕೆಲಸಕ್ಕೆ. ಅಲ್ಲೊಂದು ಸಂಗತಿ ನಮ್ಮವರು ಕಲಿಯುವಂಥದ್ದು: 1966ರಿಂದ ಚಿತ್ರಕಾರರಿಗೂ ಆಂಡರ್ಸನ್ ಪ್ರಶಸ್ತಿ ಉಂಟು. ಅಮೆರಿಕದಲ್ಲಿ ಚಿತ್ರಪುಸ್ತಕಕ್ಕೆಂದೇ 1938ರಿಂದ ಕಾಲ್ಡೆಕಾಟ್ ಇದೆ. ನಮ್ಮ ಬಾಲ ಸಾಹಿತ್ಯ ಪುರಸ್ಕಾರ ಲೇಖಕರಿಗೆ. ಚಿತ್ರ ಬರೆದವರಿಗೆ ಪಾಲಿಲ್ಲ. ಮಾತು ಕಡಿಮೆ, ಚಿತ್ರ ಹೆಚ್ಚು ಇರುವ ಪುಸ್ತಕ ಈ ಏಳರ ಸಾಲಿನಲ್ಲಿ ಕಾಣದಿರುವುದಕ್ಕೂ ಒಂದು ಮತ್ತು ಎರಡನೇ ಕ್ಲಾಸಿಗೆ ಈ ಪಟ್ಟಿ ಬರಿದಾಗಿರುವುದಕ್ಕೂ ಕಾರಣ ಅಲ್ಲೇ ಇದೆ. ಅಲ್ಲಿಗೆ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆ, ಪ್ರಥಮ್ ಬುಕ್ಸ್‌ನ ಕನ್ನಡ ಪುಸ್ತಕಗಳು ಒದಗುತ್ತವೆ. ಪ್ರಥಮ್‌ನವರ ಸ್ಟೋರಿವೀವರ್ ತಾಣದಿಂದ ಕನ್ನಡ ಕಥೆಗಳನ್ನು ಇಳಿಸಿಕೊಂಡು ಶಾಲೆಯಲ್ಲೇ ಮುದ್ರಿಸಲು ಪರವಾನಗಿ ಮುಕ್ತವಾಗಿದೆ, ಓದಿನ ಮಟ್ಟ 1ರಿಂದ 4 ಎಂದು ಗುರುತೂ ಇದೆ.

ಪ್ರಶಸ್ತಿ ಬಂದ ಪುಸ್ತಕವೂ ಅಚ್ಚಿನಲ್ಲಿ ಸೋಲಬಹುದು. ತೀರ್ಪುಗಾರರು ಬರಹ ನೋಡುತ್ತಾರೆ, ಕಾಗದವನ್ನಲ್ಲ. ಕೊಳ್ಳುವ ಮೊದಲು ಒಂದು ಸ್ಕೇಲು ಹಿಡಿದು ಹತ್ತು ಸಾಲಿನ ಎತ್ತರ ಅಳೆಯಿರಿ. ಯು.ಪಿ.ಗೆ 7 ಸೆಂಟಿಮೀಟರಿಗಿಂತ ಕಡಿಮೆ ಇರಬಾರದು, ಮೂರು-ನಾಲ್ಕನೇ ಕ್ಲಾಸಿಗೆ ಎಂಟೂವರೆ ಬೇಕು. ಕನ್ನಡಕ್ಕೆ ಇದು ಯಾಕೆ ಮುಖ್ಯವೆಂದರೆ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. 'ಸ್ತ್ರೀ', 'ರಾಷ್ಟ್ರ' ಎಂಬಲ್ಲಿ ಎರಡೆರಡು ಒತ್ತು. ಸಾಲು ಒತ್ತಿಕೊಂಡಿದ್ದರೆ ಮೇಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಈಗಷ್ಟೇ ಓದಲು ಕಲಿತ ಮಗುವಿಗೆ ಎರಡೂ ಅಕ್ಷರ ತಿಳಿಯದೆ ಹೋಗುತ್ತವೆ. ಮಗು ತಡವರಿಸುವುದು ಕಥೆ ಕಷ್ಟವಾಗಿ ಅಲ್ಲ, ಅಕ್ಷರ ಕಾಣದೆ.

ಹೊಲಿಗೆಯೂ ಅಷ್ಟೇ ಮುಖ್ಯ. ನಡುಪುಟ ಬಿಡಿಸಿ ಅಂಗೈಯಲ್ಲಿ ಮೆಲ್ಲಗೆ ಒತ್ತಿ. ಬೆನ್ನಿನ ಗೋಂದು ಚಟ್ ಎಂದರೆ ಆ ಪುಸ್ತಕ ಇಲ್ಲಿಯ ಒಂದು ಮಳೆಗಾಲ ದಾಟದು. ದಾರದ ಹೊಲಿಗೆ ಇದ್ದರೆ ವರ್ಷಗಳು ಬರುತ್ತದೆ. ತೆಳು ಪುಸ್ತಕಕ್ಕೆ ನಡುವಿಗೆ ಪಿನ್ ಹೊಡೆದಿರುತ್ತಾರೆ. ಕರಾವಳಿಯ ತೇವಕ್ಕೆ ಪಿನ್ ತುಕ್ಕು ಹಿಡಿದು ನಡುಪುಟ ಕಂದಾಗಿ ಹರಿಯುತ್ತದೆ. ಬಂದ ದಿನವೇ ಪಿನ್ ತೆಗೆದು ದಪ್ಪ ನೂಲಿನಲ್ಲಿ ಮೂರು ತೂತಿನ ಹೊಲಿಗೆ ಹಾಕಿಬಿಡಿ, ಐದು ನಿಮಿಷದ ಕೆಲಸ.

ತರಿಸುವ ಖರ್ಚಿನ ಲೆಕ್ಕವೂ ಸುಲಭ. ಡೆಮಿ ಅಳತೆಯ (ಕಥೆ-ಕಾದಂಬರಿಗಳ ಸಾಮಾನ್ಯ ಅಳತೆ) ನೂರು ಪುಟದ ಪುಸ್ತಕ ಹೆಚ್ಚು ಕಡಿಮೆ 120 ಗ್ರಾಂ ತೂಗುತ್ತದೆ. ಅಂಚೆ ಇಲಾಖೆ 2025ರ ಮೇ 1ರಿಂದ ಶುರುಮಾಡಿದ 'ಜ್ಞಾನ ಪೋಸ್ಟ್'ನಲ್ಲಿ 300 ಗ್ರಾಂವರೆಗೆ ₹20, 5 ಕಿಲೋಗೆ ₹100, ಮೇಲೆ ತೆರಿಗೆ. ಪ್ಯಾಕಿಂಗ್ ಕಳೆದು ಒಂದೇ ಕಟ್ಟಿನಲ್ಲಿ 35ರಿಂದ 40 ಪುಸ್ತಕ ಬರುತ್ತವೆ. ಒಂದೊಂದಾಗಿ ತರಿಸಿದರೆ ಅಂಚೆ ಖರ್ಚೇ ಹೊರೆಯಾಗುತ್ತದೆ, ಆದ್ದರಿಂದ ಹತ್ತಿರದ ಎರಡು ಮೂರು ಶಾಲೆಗಳು ಸೇರಿ ಒಂದು ಪಟ್ಟಿ ಮಾಡಬೇಕು. ನೆಲಮಾರ್ಗವಾಗಿ ಬರುವುದರಿಂದ ತಡವಾಗುತ್ತದೆ. ವಾಚನಾ ದಿನಕ್ಕೆ ಬೇಕಿದ್ದರೆ ಮೇ ಮೊದಲ ವಾರವೇ ಹೇಳಿಡಬೇಕು. ನಿಯತಕಾಲಿಕೆಗಳಿಗೆ ಈ ದರ ಸಿಗದು. ಅಚ್ಚಾದ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲ, ಬಿಲ್ಲಿನಲ್ಲಿ ಪುಸ್ತಕದ ಬೆಲೆಯ ಮೇಲೆ ಅದು ಕಂಡರೆ ಸರಿಪಡಿಸಿ ಕೊಡಲು ಹೇಳಿ.

ಪ್ರಶಸ್ತಿ ಪಟ್ಟಿಯೆಂಬ ಸೇವೆಯಲ್ಲಿ ನಮ್ಮ ಜಿಲ್ಲೆಗೆ ಬಹಳ ನೋಯುವ ಕೊರತೆ ಒಂದಿದೆ. ಅಕಾಡೆಮಿಯ 24 ಭಾಷೆಗಳಲ್ಲಿ ತುಳು ಇಲ್ಲ, ಬ್ಯಾರಿಯೂ ಇಲ್ಲ. ಕನ್ನಡ ಲಿಪಿಯಲ್ಲಿ ತುಳುವಿನ ಮಕ್ಕಳ ಪುಸ್ತಕ ಎಷ್ಟು ಚೆನ್ನಾಗಿ ಬಂದರೂ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿಗೆ ಸೇರದು. ಅಂಥವನ್ನು ಹುಡುಕಿ ತರುವ ಕೆಲಸ ಶಾಲೆಯದ್ದೇ. ಸ್ಟಾಕ್ ರಿಜಿಸ್ಟರಿನಲ್ಲಿ ತುಳುವಿಗೆ ಬೇರೆ ಪುಟ ಇಟ್ಟು, ಮಗು ಪುಸ್ತಕ ಒಯ್ದ ದಿನಾಂಕವನ್ನೂ ತಂದ ದಿನಾಂಕವನ್ನೂ ಎದುರಿಗೆ ಬರೆಯುತ್ತ ಹೋದರೆ, ಮುಂದಿನ ಮೇ ತಿಂಗಳಲ್ಲಿ ಯಾವುದರ ಎರಡನೇ ಪ್ರತಿ ತರಿಸಬೇಕು ಎಂದು ಆ ಪುಟವೇ ಹೇಳುತ್ತದೆ.