‘ನ್ಯಾಚುರಲ್ ಲೆದರ್’ ಎಂಬ ಮಾತನ್ನು ನಂಬಿ ಹಣ ಕೊಡಬೇಡಿ

ಚರ್ಮದ ಮೇಲೆ ಕೆತ್ತನೆ ಕಲಿಯುತ್ತಿರುವವರು ಮುಂದಿನ ತುಂಡು ಕೊಳ್ಳುವ ಮೊದಲು ದಯವಿಟ್ಟು ಇದನ್ನು ಓದಿ. ನಾನು ದಾವಣಗೆರೆಯವನು, ಈ ಹವ್ಯಾಸ ಹಿಡಿದು ಎರಡು ವರ್ಷವಾಯಿತು. ಕಳೆದ ತಿಂಗಳು 2,800 ರೂಪಾಯಿ ಕಳೆದುಕೊಂಡೆ. ಅದಕ್ಕಿಂತ ಹೆಚ್ಚು ನೋಯಿಸಿದ್ದು, ಅಪ್ಪನ ನಿವೃತ್ತಿಯ ದಿನ ಕೊಡಬೇಕೆಂದು ಮಾಡುತ್ತಿದ್ದ ಎಲೆಅಡಿಕೆ ಸಂಚಿ ಮುಗಿಯದೇ ಉಳಿದದ್ದು.

ಮೊಬೈಲಿನಲ್ಲಿ ಚಿತ್ರ ನೋಡಿ ನಾಲ್ಕು ಚದರ ಅಡಿ ತರಿಸಿದ್ದೆ. ‘ನ್ಯಾಚುರಲ್ ಲೆದರ್, ಕೆತ್ತನೆಗೆ ಹೇಳಿ ಮಾಡಿಸಿದ್ದು’ ಎಂದು ಮಾರಿದವರು ಬರೆದಿದ್ದರು. ಬಣ್ಣವೂ ತಿಳಿಗಂದು. ಸ್ಪಂಜಿನಲ್ಲಿ ನೀರು ಸವರಿದರೆ ಹನಿಗಳು ಮೇಲೆಯೇ ನಿಂತವು. ನಾನು ಅಲ್ಲಿಗೇ ಕೈಬಿಡಬೇಕಿತ್ತು. ಇನ್ನಷ್ಟು ನೆನೆದರೆ ಮೆತ್ತಗಾದೀತೆಂದು ರಾತ್ರಿಯಿಡೀ ಒದ್ದೆ ಬಟ್ಟೆ ಸುತ್ತಿಟ್ಟೆ. ಮರುದಿನ ಗಂಡಭೇರುಂಡದ ಗೆರೆಗಳನ್ನು ಕೊಯ್ದು, ಮೂರು ಸಂಜೆ ಅಚ್ಚು ಇಟ್ಟು ಕೊಡತಿಯಿಂದ ಬಡಿದೆ. ಹೊಡೆದಾಗ ತಗ್ಗು ಕಾಣುತ್ತಿತ್ತು, ಬೆಳಗಾಗುವಷ್ಟರಲ್ಲಿ ಉಬ್ಬಿ ಮತ್ತೆ ಸಮವಾಗುತ್ತಿತ್ತು. ಇನ್ನೂ ಜೋರಾಗಿ ಹೊಡೆದೆ. ರೆಕ್ಕೆಯ ಬಳಿ ಮೇಲ್ಪದರವೇ ಹರಿಯಿತು.

ಆ ತುಂಡನ್ನು ಹಿಡಿದು, ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಬಳಿ ಹೋದೆ. ಅವರು ನನ್ನ ಕೆತ್ತನೆಯ ಕಡೆ ನೋಡದೆ, ಕೊಯ್ದ ಅಂಚನ್ನು ಬೆಳಕಿಗೆ ತಿರುಗಿಸಿದರು. “ನಡುವೆ ನೀಲಿ ಕಾಣುತ್ತದೆಯಲ್ಲ ತಮ್ಮಾ, ಇದು ಕ್ರೋಮ್ ಹದದ್ದು. ಇದಕ್ಕೆ ಹೂವು ಹೊಡೆದರೆ ನಿಲ್ಲುವುದಿಲ್ಲ” ಎಂದರು.

‘ನ್ಯಾಚುರಲ್’ ಎಂಬ ಪದ ಹದದ ಬಗ್ಗೆ, ಅಂದರೆ ಹಸಿ ತೊಗಲನ್ನು ಕೊಳೆಯದ ಚರ್ಮವಾಗಿಸಿದ ಬಗೆಯ ಬಗ್ಗೆ, ಏನನ್ನೂ ಹೇಳುವುದಿಲ್ಲ. ಕ್ರೋಮ್ ಚರ್ಮವೂ ಪ್ರಾಣಿಯದೇ ತೊಗಲು. ಕೆತ್ತನೆಗೆ ಬೇಕಾದದ್ದು ತೊಗಟೆ, ಕಾಯಿಗಳಲ್ಲಿರುವ ಟ್ಯಾನಿನ್ ಎಂಬ ಒಗರು ಸತ್ವದಲ್ಲಿ ವಾರಗಟ್ಟಲೆ ಹದಗೊಂಡ ಚರ್ಮ. ಚಿತ್ರದುರ್ಗದ ಕಡೆಯ ಬಯಲಿನಲ್ಲಿ ಹಳದಿ ಹೂ ಬಿಡುವ ತಂಗಡಿಯನ್ನು ನೀವು ನೋಡಿರುತ್ತೀರಿ. ಅದರ ತೊಗಟೆ ಮತ್ತು ಅಳಲೆಕಾಯಿ ಎರಡೂ ಈ ಹದಕ್ಕೆ ಹಳೆಯ ಸಾಮಗ್ರಿಗಳು. ಇಂಥ ಚರ್ಮ ನೀರು ಕುಡಿದು ಮೆತ್ತಗಾಗುತ್ತದೆ, ಒತ್ತಿದ ಆಕಾರವನ್ನು ಒಣಗಿದ ಮೇಲೂ ಉಳಿಸಿಕೊಳ್ಳುತ್ತದೆ. ಕ್ರೋಮಿಯಂ ಲವಣದಲ್ಲಿ ಬೇಗನೆ ಹದವಾದದ್ದು ಮೃದು, ಆದರೆ ಒತ್ತಿದರೆ ಪುಟಿದೇಳುತ್ತದೆ. ಜಾಕೆಟ್ಟಿಗೆ, ಶೂಗಳ ಮೇಲ್ಭಾಗಕ್ಕೆ ಅದು ಒಳ್ಳೆಯ ಚರ್ಮವೇ. ನನಗೆ ಸಿಟ್ಟಿರುವುದು ಅದನ್ನು ಕೆತ್ತನೆಗೆಂದು ಮಾರಿದ್ದರ ಮೇಲೆ.

ಹಣ ವಾಪಸು ಕೇಳಿದರೆ, ಕತ್ತರಿಸಿದ ಮೇಲೆ ಹಿಂದಕ್ಕೆ ಪಡೆಯುವುದಿಲ್ಲ ಎಂಬ ಉತ್ತರ ಬಂತು. ಹಾಗಾಗಿ ಪರೀಕ್ಷೆ ಕತ್ತರಿ ಹಾಕುವ ಮೊದಲೇ ಆಗಬೇಕು. ಬೆರಳಗಲದ ಮಾದರಿ ತುಂಡನ್ನು ಮೊದಲು ತರಿಸಿಕೊಳ್ಳಿ. ಅಂಚನ್ನು ಹೊಸದಾಗಿ ಕೊಯ್ದು ನೋಡಿ: ನೀಲಿ ಅಥವಾ ಬೂದು ಪಟ್ಟಿ ಇದ್ದರೆ ಬೇಡ. ಒಂದು ಹನಿ ನೀರು ಹಾಕಿ. ಬಣ್ಣ ಬಳಿಯದ ತೊಗಟೆ ಹದದ ಚರ್ಮ ಅದನ್ನು ಹೀರಿ ಆ ಜಾಗದಲ್ಲಿ ಗಾಢವಾಗುತ್ತದೆ. ಇನ್ನೂ ಅನುಮಾನವಿದ್ದರೆ ತುಕ್ಕು ಮೊಳೆಗಳನ್ನು ವಿನೆಗರ್‌ನಲ್ಲಿ ಕೆಲವು ದಿನ ನೆನೆಸಿ, ಆ ದ್ರಾವಣದ ಹನಿಯನ್ನು ಅಂಚಿಗೆ ಮುಟ್ಟಿಸಿ. ಟ್ಯಾನಿನ್ ಇದ್ದರೆ ಕಪ್ಪಾಗುತ್ತದೆ. ಕಬ್ಬಿಣ ಕರಗುವಾಗ ಅನಿಲ ಹೊರಡುವುದರಿಂದ ಬಾಟಲಿಯ ಮುಚ್ಚಳವನ್ನು ಬಿಗಿಯಬೇಡಿ, ಒಲೆಯಿಂದ ದೂರವಿಡಿ. ಕ್ರೋಮ್ ಹದದ ಮೇಲೆ ತೊಗಟೆ ಹದವನ್ನೂ ಕೊಟ್ಟ ಚರ್ಮ ಕೂಡ ಕಪ್ಪಾಗಬಹುದು, ಆದ್ದರಿಂದ ಅಂಚಿನ ಬಣ್ಣವನ್ನು ನೋಡದೆ ಇದೊಂದನ್ನೇ ನಂಬಬೇಡಿ. ಸುಟ್ಟು ನೋಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಖಂಡಿತ ಬೇಡ. ಕ್ರೋಮ್ ಚರ್ಮ ಸುಟ್ಟಾಗ ಅದರಲ್ಲಿನ ಕ್ರೋಮಿಯಂ ವಿಷಕಾರಿ ರೂಪಕ್ಕೆ ತಿರುಗಬಹುದು, ಮಕ್ಕಳಿರುವ ಮನೆಯಲ್ಲಂತೂ ಆ ಹೊಗೆ, ಬೂದಿ ಇರಲೇಬಾರದು.

ಈ ವಾರ ಬೇರೊಬ್ಬರಿಂದ ಮಾದರಿ ತರಿಸಿದೆ. ಅಂಚು ಉದ್ದಕ್ಕೂ ಒಂದೇ ಕಂದು. ಮೊಳೆನೀರು ಮುಟ್ಟಿಸಿದೆ, ನೋಡುತ್ತಿದ್ದಂತೆ ಕಪ್ಪಾಯಿತು. ಆಮೇಲೆಯೇ ಹಣ ಕಳುಹಿಸಿದೆ. ಸಂಚಿ ತಡವಾಗಿಯಾದರೂ ಅಪ್ಪನ ಕೈಸೇರುತ್ತದೆ.